ಮೇಲಿನ ಮನೆ ಖಾಲಿ ಮಾಡಿಸಿದ್ದು

2024ರ ಮೇ 3, ಶುಕ್ರವಾರ. ಬೆಳಿಗ್ಗೆ ಅವಲಕ್ಕಿ ತಿನ್ನುತ್ತಾ ಕೂತಿದ್ದೆ, ಫೋನ್ ಟಿಣ್ ಅಂತು. ನಮ್ಮ ಮೇಲಿನ ಮನೆಯ ಬಾಡಿಗೆಯವರು ಫೋನ್‌ಪೇಯಲ್ಲಿ ಒಂದು ತಿಂಗಳ ಬಾಡಿಗೆಯಷ್ಟು, 9,500 ರೂಪಾಯಿ ಹಾಕಿದ್ದರು. ಜನವರಿಯಿಂದ ಒಂದು ರೂಪಾಯಿ ಬಂದಿರಲಿಲ್ಲ. ನನಗೆ ಎಷ್ಟು ಖುಷಿಯಾಯಿತು ಅಂದರೆ ಕೈ ಮುಗಿಯುವ ಚಿತ್ರ ಇರುತ್ತದಲ್ಲ, ಅದನ್ನು ಎರಡು ಸಲ ಕಳಿಸಿಬಿಟ್ಟೆ. ನನ್ನ ದುಡ್ಡು ನನಗೆ ಬಂದಿದ್ದಕ್ಕೆ ನಾನೇ ಕೈ ಮುಗಿದಿದ್ದೆ!

ಮಾರನೇ ದಿನ ಭಾವನ ಹತ್ತಿರ ಹೋದೆ. ದೂರದ ಸಂಬಂಧ, ಶಿವಮೊಗ್ಗ ಕೋರ್ಟಿನಲ್ಲಿ ಸಿವಿಲ್ ಕೇಸು ನೋಡುತ್ತಾರೆ. ಅಗ್ರಿಮೆಂಟ್ ತೋರಿಸಿದೆ. 2023ರ ಜೂನ್ 1ರಿಂದ ಹನ್ನೊಂದು ತಿಂಗಳು. ಅಂದರೆ ಏಪ್ರಿಲ್ 30ಕ್ಕೆ ಮುಗಿದಿದೆ. ಇವರು ಮುಂದುವರಿಯುವುದು ಬೇಡ, ಬಾಕಿ ಕೊಟ್ಟು ಖಾಲಿ ಮಾಡಲಿ, ಅಷ್ಟೇ ನನ್ನ ಆಸೆ ಅಂದೆ. ಭಾವ ಕೇಳಿದ ಮೊದಲ ಪ್ರಶ್ನೆ: "ಏಪ್ರಿಲ್ 30 ಆದ ಮೇಲೆ ದುಡ್ಡೇನಾದರೂ ತಗೊಂಡಿದೀಯಾ?"

ಫೋನ್ ತೋರಿಸಿದೆ. ಆ ಎರಡು ಕೈ ಮುಗಿಯುವ ಚಿತ್ರ ನೋಡಿ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ವಿಷಯ ಏನಪ್ಪಾ ಅಂದರೆ, ಅವಧಿ ಗೊತ್ತುಮಾಡಿದ ಬಾಡಿಗೆ ಆ ಅವಧಿ ಮುಗಿದ ದಿನವೇ ತನ್ನಷ್ಟಕ್ಕೆ ಮುಗಿಯುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 111ನೇ ಕಲಂ. ಬೇರೆ ನೋಟಿಸ್ ಕೂಡ ಬೇಡ. ಆದರೆ ಮುಗಿದ ಮೇಲೂ ಬಾಡಿಗೆಯವನು ಇದ್ದು, ಮಾಲೀಕ ಬಾಡಿಗೆ ತಗೊಂಡರೆ, 116ನೇ ಕಲಂ ಪ್ರಕಾರ ಬಾಡಿಗೆ ಮತ್ತೆ ತಿಂಗಳಿಂದ ತಿಂಗಳಿಗೆ ಮುಂದುವರಿದ ಹಾಗೆ. ಆಮೇಲೆ ಬಿಡಿಸಬೇಕಾದರೆ 106ನೇ ಕಲಂ ಕೆಳಗೆ 15 ದಿನದ ನೋಟಿಸ್ ಕೊಟ್ಟು ಮೊದಲಿಂದ ಶುರು ಮಾಡಬೇಕು. ನನಗೆ ಬಂದ 9,500 ಯಾವ ತಿಂಗಳದ್ದು ಅಂತ ಎಲ್ಲೂ ಬರೆದಿರಲಿಲ್ಲ. ಅವರು ನಾಳೆ "ಅದು ಮೇ ತಿಂಗಳ ಬಾಡಿಗೆ, ಇವರು ತಗೊಂಡು ಕೈ ಮುಗಿದಿದ್ದಾರೆ" ಅಂದರೆ?

"ಈಗಲೇ, ಇಲ್ಲೇ ಕೂತು ಒಂದು ಮೆಸೇಜ್ ಹಾಕು" ಅಂದರು ಭಾವ. ಹಳೇ ಬಾಕಿ ಇದ್ದು, ಕೊಟ್ಟವನು ಯಾವುದಕ್ಕೆ ಅಂತ ಹೇಳದಿದ್ದರೆ, ತಗೊಂಡವನು ಬಾಕಿಗೆ ಜಮಾ ಮಾಡಿಕೊಳ್ಳಬಹುದಂತೆ. ಅದು ಕರಾರು ಕಾಯ್ದೆಯ ಮಾತು. ಅವರು ಹೇಳಿದರು, ನಾನು ಒತ್ತಿದೆ: "ನೀವು ಮೇ 3ರಂದು ಕಳಿಸಿದ 9,500 ರೂ.ಗಳನ್ನು ಜನವರಿ ತಿಂಗಳ ಬಾಕಿಗೆ ಜಮಾ ಮಾಡಿಕೊಂಡಿದ್ದೇನೆ. ಏಪ್ರಿಲ್ 30ಕ್ಕೆ ಅಗ್ರಿಮೆಂಟ್ ಮುಗಿದಿದೆ, ಮುಂದುವರಿಸುವ ಇಚ್ಛೆ ಇಲ್ಲ." ನೀಲಿ ಟಿಕ್ ಬಂತು. ಉತ್ತರ ಬರಲಿಲ್ಲ.

ಇಷ್ಟು ಹೊತ್ತಿಗೆ ನೀವು ಅವರನ್ನು ಒಬ್ಬ ಖದೀಮ ಅಂದುಕೊಂಡಿರಬಹುದು. ಹಾಗೇನಿಲ್ಲ. ಜೆರಾಕ್ಸ್, ಡಿಟಿಪಿ ಅಂಗಡಿ ಇಟ್ಟಿದ್ದರು. ಮದುವೆ ಕಾಗದ ವಾಟ್ಸಾಪ್‌ಗೆ ಹೋಯಿತು, ಅರ್ಜಿಗಳೆಲ್ಲ ಆನ್‌ಲೈನ್ ಆದವು, ಜೊತೆಗೆ ದೊಡ್ಡ ಪ್ರಿಂಟಿಂಗ್ ಮಷೀನಿಗೆ ಸಾಲ. ಡಿಸೆಂಬರ್ ತನಕ ಒಂದು ದಿನ ತಡ ಮಾಡಿದವರಲ್ಲ. ಜನವರಿಯಲ್ಲಿ "ಅಡ್ವಾನ್ಸಲ್ಲಿ ಹಿಡ್ಕೊಳ್ಳಿ ಸಾರ್" ಅಂದರು. ಬಾಡಿಗೆ ಕೊಡುವವರ ಬಾಯಲ್ಲಿ ಆ ಮಾತು ಬಂತು ಅಂದರೆ ಮಾಲೀಕ ಅವತ್ತೇ ಎದ್ದು ಕೂರಬೇಕು, ಯಾಕೆಂದರೆ ಅಡ್ವಾನ್ಸ್ ಇರುವುದು ಕೊನೆಗೆ ಲೆಕ್ಕ ಚುಕ್ತಾ ಮಾಡಲಿಕ್ಕೆ, ಮಧ್ಯದಲ್ಲೇ ಕರಗಿಸಿಬಿಟ್ಟರೆ ಆಮೇಲೆ ಅವರು ಉಳಿದ ಒಂದೊಂದು ತಿಂಗಳೂ ನಮ್ಮ ಕೈಯಿಂದಲೇ. ನಮ್ಮದು 50,000 ಅಡ್ವಾನ್ಸ್. ಐದು ತಿಂಗಳ ಬಾಡಿಗೆ, ಮೇಲೆ ಸ್ವಲ್ಪ ಚಿಲ್ಲರೆ. ನಾನು ಎದ್ದು ಕೂರಲಿಲ್ಲ. ಮಾರ್ಚ್‌ನಲ್ಲಿ ಕೇಳೋಣ ಅಂದರೆ ಅವರ ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ, 25ರಿಂದ ಶುರು. ಪರೀಕ್ಷೆ ಇಟ್ಟುಕೊಂಡ ಹುಡುಗಿ ಇರುವ ಮನೆ ಬಾಗಿಲಲ್ಲಿ ನಿಂತು ದುಡ್ಡಿನ ಮಾತು ಹೇಗೆ ತೆಗೆಯುವುದು? ಅವಳು ನನ್ನ ಅಮ್ಮನಿಗೆ ಅಜ್ಜಿ ಅನ್ನುತ್ತಾಳೆ. ಸಂಜೆ ಕೆಳಗೆ ಬಂದು ಅಮ್ಮನ ಜೊತೆ ಧಾರಾವಾಹಿ ನೋಡುತ್ತಾಳೆ.

ಮೇ 9ಕ್ಕೆ ಫಲಿತಾಂಶ ಬಂತು. ಅವಳು ಪಾಸು. ಸಂಜೆ ಗಂಡ ಹೆಂಡತಿ ಇಬ್ಬರೂ ಮಗಳನ್ನು ಕರೆದುಕೊಂಡು ಸ್ವೀಟ್ ಬಾಕ್ಸ್ ತಂದರು. ಅಮ್ಮನ ಕಾಲಿಗೆ ಬಿದ್ದಳು. ಅಮ್ಮ ನೂರು ರೂಪಾಯಿ ಕೊಟ್ಟಳು. ನಾನು ಮೈಸೂರ್‌ಪಾಕ್ ಬಾಯಿಗೆ ಹಾಕಿಕೊಂಡು, ನಾಲ್ಕು ದಿನಕ್ಕೆ ಭಾವನ ನೋಟಿಸ್ ಹೋಗಲಿದೆ ಅಂತ ಗೊತ್ತಿದ್ದೂ, "ಸೈನ್ಸ್ ತಗೋತೀಯಾ ಕಾಮರ್ಸಾ?" ಅಂತ ಕೇಳುತ್ತಿದ್ದೆ.

ಮೇ 13ಕ್ಕೆ ನೋಟಿಸ್ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹೊರಟಿತು. 116ರ ತಕರಾರು ಬರುವುದೇ ಬೇಡ, ಇರಲಿ ಅಂತ 15 ದಿನದ ನೋಟಿಸನ್ನೇ ಭಾವ ಬರೆದಿದ್ದರು. ಮೊದಲ ದಿನ ಅಂಚೆಯವರು ಬಂದಾಗ ಮೇಲೆ ಬಾಗಿಲು ಹಾಕಿತ್ತು. ಎರಡನೇ ದಿನ "ಅವರಿಲ್ಲ" ಅಂದರಂತೆ. ತಗೊಳ್ಳದೇ ಇದ್ದರೆ ಏನು ಗತಿ ಅಂತ ನನಗೆ ಗಾಬರಿ. ಭಾವ ನಕ್ಕರು. ಸರಿಯಾದ ವಿಳಾಸ ಹಾಕಿ, ಅಂಚೆ ಚೀಟಿ ಹಚ್ಚಿ ರಿಜಿಸ್ಟರ್ಡ್ ಕಳಿಸಿದ್ದರೆ ತಲುಪಿದ ಹಾಗೇ ಲೆಕ್ಕ, ಬೇಡ ಅಂತ ವಾಪಸ್ ಕಳಿಸಿದರೂ ಲಕೋಟೆ ಒಡೆಯದೆ ಹಾಗೇ ಇಟ್ಟುಕೋ, ಅದೇ ಸಾಕ್ಷಿ ಅಂದರು. ಹಾಗೇನೂ ಆಗಲಿಲ್ಲ. 20ನೇ ತಾರೀಕು ಅವರೇ ಸಹಿ ಹಾಕಿ ತಗೊಂಡರು.

ಅವತ್ತು ರಾತ್ರಿ ಕೆಳಗೆ ಬಂದರು. ಕೈಯಲ್ಲಿ ಅದೇ ಲಕೋಟೆ. ಕೂತ್ಕೊಳ್ಳಿ ಅಂದೆ, ಕೂರಲಿಲ್ಲ.

"ಒಂದೇ ಮನೇಲಿದ್ದು ಪೋಸ್ಟಲ್ಲಿ ಕಳಿಸಿದ್ರಲ್ಲ ಸಾರ್."

ನಮ್ಮ ಜಗುಲಿಯಿಂದ ಅವರ ಬಾಗಿಲಿಗೆ ಹದಿನಾಲ್ಕು ಮೆಟ್ಟಿಲು. ಏನೂ ಹೇಳಲು ತೋಚಲಿಲ್ಲ. "ಲಾಯರ್ ಹೇಳಿದರು" ಅಂದೆ. ಎಂಥ ಉತ್ತರ ಅದು.

ಜೂನ್ ಮೊದಲ ವಾರ ನೋಟಿಸಿನ ದಿನ ಕಳೆಯಿತು. ಅವರು ಕದಲಲಿಲ್ಲ. "ಮನೆ ಹುಡುಕ್ತಾ ಇದೀನಿ ಸಾರ್." ಅವರು ಹುಡುಕುತ್ತಿದ್ದುದು ನಿಜ, ನನಗೆ ಗೊತ್ತಿದ್ದ ಬ್ರೋಕರ್ ಕೂಡ ಹೇಳಿದ. ಆದರೆ ಈಗ ವಿನೋಬನಗರದ ಕಡೆ, ನಮ್ಮ ಗೋಪಾಲಗೌಡ ಬಡಾವಣೆ ಕಡೆ ಎರಡು ಬೆಡ್‌ರೂಮಿನ ಮನೆಗೆ ಕೇಳುವ ಅಡ್ವಾನ್ಸ್ ಅವರ ಹತ್ತಿರ ಎಲ್ಲಿಂದ ಬರಬೇಕು? ನಮ್ಮ ಅಡ್ವಾನ್ಸ್ ವಾಪಸ್ ಬಂದರೆ ಅಲ್ಲಿ ಕೊಡಬೇಕು. ನಮ್ಮದು ಬಾಕಿಗೇ ಹೋಗುತ್ತಿದೆ. ಬಾಕಿ ಬಿದ್ದವನು ಬಿಡಬೇಕೆಂದರೂ ಬಿಡಲಾಗದೆ ಸಿಕ್ಕಿಕೊಳ್ಳುವುದು ಇಲ್ಲೇ.

ಸ್ನೇಹಿತರ ಸಲಹೆಗಳೋ, ಕೇಳಲೇಬೇಡಿ. ಫ್ಯೂಸ್ ಕಿತ್ತು ಇಟ್ಕೋ. ಅವರು ಹೊರಗೆ ಹೋದಾಗ ಬೀಗ ಜಡಿ. ಇಬ್ಬರು ಹುಡುಗರನ್ನು ಕಳಿಸ್ತೀನಿ, ಸುಮ್ನೆ ಬಂದು ನಿಂತ್ಕೊಳ್ತಾರೆ ಅಷ್ಟೇ. ಪೊಲೀಸರಿಗೆ ಹೇಳು. ಭಾವ ಇದ್ಯಾವುದಕ್ಕೂ ಒಪ್ಪಲಿಲ್ಲ. ಅಗ್ರಿಮೆಂಟ್ ಮುಗಿದಿದ್ದರೂ, ಬಾಕಿ ಇದ್ದರೂ, ಒಳಗೆ ಇರುವವನನ್ನು ಕೋರ್ಟಿನ ಮೂಲಕ ಬಿಟ್ಟು ಬೇರೆ ದಾರಿಯಲ್ಲಿ ಹೊರಗೆ ಹಾಕುವ ಹಾಗಿಲ್ಲ. ಹಾಕಿದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಇದೆ, ಆತ ಆರು ತಿಂಗಳೊಳಗೆ ದಾವೆ ಹಾಕಿ ಒಳಗೆ ವಾಪಸ್ ಬರಬಹುದು, ಮನೆ ಯಾರ ಹೆಸರಲ್ಲಿದೆ ಅನ್ನುವ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ. ಪೊಲೀಸರಿಗೆ ಇದು ಸಿವಿಲ್ ವ್ಯಾಜ್ಯ.

ಎಲ್ಲಾ ಕೇಳಿಸಿಕೊಂಡು, ತಲೆ ಆಡಿಸಿ, ಮನೆಗೆ ಬಂದೆ. ಆಮೇಲೆ ಒಂದು ದಿನ ನಾನು ಮಾಡಿದ್ದನ್ನು ಇಲ್ಲಿ ಬರೆಯಲೋ ಬೇಡವೋ ಅಂತ ಬಹಳ ಯೋಚಿಸಿದೆ.

ನೀರಿನ ಮೋಟರ್ ಸ್ವಿಚ್ ಇರುವುದು ನಮ್ಮ ಅಡುಗೆಮನೆ ಹಿಂದೆ. ಬೆಳಿಗ್ಗೆ ಆರಕ್ಕೆ ಹಾಕಿದರೆ ಮುಕ್ಕಾಲು ಗಂಟೆಗೆ ಮೇಲಿನ ಎರಡೂ ಟ್ಯಾಂಕು ತುಂಬುತ್ತದೆ. ಅವರದ್ದಕ್ಕೆ ಬೇರೆ ವಾಲ್ವ್. ಅವತ್ತು ಬೆಳಿಗ್ಗೆ ಆ ವಾಲ್ವ್ ತಿರುಗಿಸಿಟ್ಟೆ. ಯಾರೂ ಹೇಳಿಕೊಟ್ಟಿದ್ದಲ್ಲ. ಸುಮ್ನೆ, ಕೈ ಹೋಯಿತು. ಆಫೀಸಿಗೆ ಹೋಗಲಿಲ್ಲ, ಏನಾಗುತ್ತೆ ನೋಡೋಣ ಅಂತ ಕೂತೆ. ಹನ್ನೊಂದು ಗಂಟೆಗೆ ಆ ಹುಡುಗಿ ಕೊಡಪಾನ ಹಿಡಿದುಕೊಂಡು ಇಳಿದು ಬಂದಳು. ಹೊರಗೆ ಜಿಟಿಜಿಟಿ ಮಳೆ, ತಲೆಗೆ ಟವೆಲ್ ಹಾಕಿಕೊಂಡಿದ್ದಳು. "ಅಜ್ಜಿ, ನೀರು ಬರ್ತಿಲ್ಲ."

ಅಮ್ಮ ಹಿಂದೆ ಹೋದಳು. ವಾಲ್ವ್ ನೋಡಿದಳು. ತಿರುಗಿಸಿದಳು. ಸ್ವಿಚ್ ಹಾಕಿದಳು. "ಈಗ ಬರ್ತದೆ ಹೋಗು ಮಗಾ" ಅಂದಳು. ನನ್ನ ಕಡೆ ನೋಡಲೂ ಇಲ್ಲ.

ರಾತ್ರಿ ಊಟ ಬಡಿಸುವಾಗ ಮಾತ್ರ ಒಂದು ಮಾತು: "ಎಂತಕ್ಕೆ ಬೇಕಿತ್ತು ಮಾರಾಯ? ನಿನ್ನ ಅಜ್ಜನ್ನೂ ಹಿಂಗೇ ಎಬ್ಬಿಸೋಕೆ ನೋಡಿದ್ರು."

ಅಜ್ಜ ಸಾಗರ ತಾಲೂಕಿನಲ್ಲಿ ಗೇಣಿದಾರ. ನಮ್ಮ ಕಡೆ ಹಾಗೆ ಭೂಮಿ ಮಾಡುವವರಿಗೆ ಒಕ್ಕಲು ಅನ್ನುತ್ತಾರೆ. ಖಾಲಿ ಮಾಡಿಸುವುದಕ್ಕೆ ಕನ್ನಡದಲ್ಲಿರುವ ಹಳೇ ಮಾತು ಗೊತ್ತಲ್ಲ, ಒಕ್ಕಲೆಬ್ಬಿಸುವುದು. ಆ ಮಾತು ನಮ್ಮ ಮನೆಯಲ್ಲಿ ಬೈಗುಳದ ಹಾಗೆ. 1951ರಲ್ಲಿ ಕಾಗೋಡಿನಲ್ಲಿ ರೈತರು ಎದ್ದು ನಿಂತರಲ್ಲ, ಗೇಣಿ ಭತ್ತ ಅಳೆಯುವ ಕೊಳಗದ ತಕರಾರು ಬೆಳೆದು, ಒಕ್ಕಲುಗಳು ಗದ್ದೆಗೆ ಇಳಿಯದ ಹಾಗೆ ಮಾಡಿದಾಗ ಸತ್ಯಾಗ್ರಹವೇ ಆಯಿತು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಜ್ಜನದು ಕಾಗೋಡಲ್ಲ, ಸ್ವಲ್ಪ ಆಚೆಯ ಹಳ್ಳಿ. ಆದರೆ ಅವನ ಒಡೆಯರೂ ಒಂದು ಮಳೆಗಾಲ ಗದ್ದೆಗೆ ಬರುವ ನೀರು ತಿರುಗಿಸಿದ್ದರಂತೆ. ಈ ನೀರಿನ ಕತೆ ನಾನು ಕೇಳಿರಲಿಲ್ಲ. ಅವತ್ತು ರಾತ್ರಿಯೇ ಮೊದಲ ಸಲ ಅಮ್ಮ ಹೇಳಿದ್ದು.

ಆಮೇಲೆ ದೇವರಾಜ ಅರಸು ಕಾಲದ ಭೂ ಸುಧಾರಣೆ ಕಾನೂನು, 1974ರ ಮಾರ್ಚ್ 1ರಿಂದ ಜಾರಿ. ಅಜ್ಜ ಡಿಕ್ಲರೇಷನ್ ಹಾಕಿದ. ಮಲೆನಾಡಿನಲ್ಲಿ ಯಾವ ಮುದುಕರನ್ನು ಕೇಳಿದರೂ ಈ ಇಂಗ್ಲಿಷ್ ಮಾತು ಬರುತ್ತದೆ, ಫಾರಂ ನಂಬರ್ 7. ಭೂ ನ್ಯಾಯಮಂಡಳಿಯಲ್ಲಿ ಅವನ ಹೆಸರಿಗೆ ಆಯಿತು. ಆ ಗದ್ದೆಯಲ್ಲಿ ಅಪ್ಪ ಅಡಿಕೆ ಹಾಕಿದ. ಈ ಮನೆಯ ಮೇಲಿನ ಮಹಡಿ ಕಟ್ಟಿದ್ದು ಆ ಅಡಿಕೆಯ ದುಡ್ಡಿನಲ್ಲಿ. ಅದಿರುವ ಬಡಾವಣೆಯ ಹೆಸರು ಹೇಳಿದಾಗಲೆಲ್ಲ ನನಗೆ ಕಾಗೋಡಿನ ರೈತರ ಜೊತೆ ನಿಂತ ಶಾಂತವೇರಿ ಗೋಪಾಲಗೌಡರು ನೆನಪಾಗುತ್ತಾರೆ. ಆ ಜೂನ್ ತಿಂಗಳಲ್ಲಿ ನೆನಪಾಗುವುದು ಬೇಡವಾಗಿತ್ತು.

(ಇಲ್ಲಿ ಒಂದು ಅಡ್ಡ ಮಾತು. ನಮ್ಮ ಕಡೆ ಈ ಹಳೇ ಕತೆಯಿಂದಲೇ ಬಹಳ ಜನಕ್ಕೆ ಒಂದು ಭಯ ಇದೆ, ಬಾಡಿಗೆಯವರು ಹನ್ನೆರಡು ವರ್ಷ ಇದ್ದುಬಿಟ್ಟರೆ ಮನೆ ಅವರದ್ದೇ ಆಗುತ್ತದೆ ಅಂತ. ಹಾಗಾಗುವುದಿಲ್ಲ. ಉಳುವವನಿಗೆ ಹೊಲ ಅನ್ನುವುದು ಕೃಷಿ ಭೂಮಿಯ ಕಾನೂನು. ಮನೆ ಬಾಡಿಗೆಗೆ ಇರುವವನು ನಮ್ಮ ಒಪ್ಪಿಗೆಯಿಂದ ಇರುವವನು, ಎಷ್ಟು ವರ್ಷ ಇದ್ದರೂ ಅಷ್ಟರಿಂದಲೇ ಮಾಲೀಕ ಆಗುವುದಿಲ್ಲ. ಈ ಭಯಕ್ಕೆ ಒಳ್ಳೊಳ್ಳೆ ಮನೆಗಳನ್ನು ಖಾಲಿ ಇಟ್ಟು ಗೆದ್ದಲಿಗೆ ಕೊಟ್ಟವರನ್ನು ನಾನು ನೋಡಿದ್ದೇನೆ.)

ಮಾರನೇ ದಿನ ಭಾವನ ಹತ್ತಿರ ಕೇಸು ಹಾಕಿದರೆ ಏನಾಗುತ್ತದೆ ಅಂತ ಸರಿಯಾಗಿ ಕೇಳಿದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ನಮಗೆ ತಾಗುವುದಿಲ್ಲ. ಅದು ಊರಿಗೆ ತಕ್ಕ ಹಾಗೆ ತಿಂಗಳಿಗೆ 3,500 ಇಲ್ಲವೇ 2,000 ರೂಪಾಯಿ ಬಾಡಿಗೆಯ ಒಳಗಿನ ಮನೆಗಳಿಗೆ. ಹಾಗಾಗಿ ನಮ್ಮದು ಸಾದಾ ಸಿವಿಲ್ ದಾವೆ: ಸ್ವಾಧೀನ ಕೊಡಿಸಿ, ಬಾಕಿ ಕೊಡಿಸಿ, ನೋಟಿಸ್ ಆದ ಮೇಲೆ ಇದ್ದ ದಿನಗಳಿಗೆ ನಷ್ಟ ಕೊಡಿಸಿ. ಸ್ವಾಧೀನದ ಕೋರ್ಟ್ ಫೀ ಲೆಕ್ಕ ಹಾಕುವುದು ಒಂದು ವರ್ಷದ ಬಾಡಿಗೆ ಮೇಲೆ, ನಮ್ಮದು 1,14,000. ಬಾಕಿ ಕೇಳಲು ಮೂರು ವರ್ಷ ಗಡುವು, ಆ ಅವಸರ ಇಲ್ಲ. ಎಷ್ಟು ದಿನ ಹಿಡಿಯುತ್ತದೆ ಅಂದೆ. ಭಾವ ಅದಕ್ಕೆ ಉತ್ತರ ಕೊಡಲಿಲ್ಲ, ಚಾ ತರಿಸಿದರು. ಇನ್ನೊಂದು ಎಚ್ಚರಿಕೆ ಹೇಳಿದರು: ನೋಟಿಸಿನ ದಿನ ಮುಗಿದ ಮೇಲೆ ಅವರು ಕೊಡುವ ದುಡ್ಡನ್ನು "ಬಾಡಿಗೆ" ಅಂತ ತಗೋಬೇಡ, ನೋಟಿಸನ್ನು ನೀನೇ ಬಿಟ್ಟುಕೊಟ್ಟ ಹಾಗೆ ಆದೀತು, 113ನೇ ಕಲಂ. "ವಾಸದ ಬಾಬ್ತು ನಷ್ಟ, ನೋಟಿಸಿನ ಹಕ್ಕು ಬಿಟ್ಟುಕೊಡದೆ" ಅಂತ ಬರೆದು ರಸೀದಿ ಕೊಡು.

ನಾನು ಹದಿನಾಲ್ಕು ಮೆಟ್ಟಿಲು ಹತ್ತಿದೆ. ಜನವರಿಯಲ್ಲೇ ಹತ್ತಬೇಕಿತ್ತು.

ಅವರ ಹೆಂಡತಿ ಚಾ ಮಾಡಿದರು. ನಾನು ಒಂದು ಹಾಳೆಯಲ್ಲಿ ಲೆಕ್ಕ ಬರೆದುಕೊಂಡು ಹೋಗಿದ್ದೆ. ಫೆಬ್ರವರಿ, ಮಾರ್ಚ್, ಏಪ್ರಿಲ್, 28,500. ಮೇ, ಜೂನ್, ಜುಲೈ ಸೇರಿದರೆ ಇನ್ನೊಂದು 28,500. ಒಟ್ಟು 57,000. ಅಡ್ವಾನ್ಸ್ 50,000 ಕಳೆದರೆ 7,000. ಜುಲೈ ಕೊನೆಗೆ ಬಿಡಿ, ಪೇಂಟಿಂಗ್ ದುಡ್ಡು ಹಿಡಿಯುವುದಿಲ್ಲ, ಆ 7,000 ಆಮೇಲೆ ಎರಡು ಕಂತಲ್ಲಿ ಕೊಡಿ ಅಂದೆ. ಮನೆ ಬಿಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ಊರ ರೂಢಿ, ನಮ್ಮ ಅಗ್ರಿಮೆಂಟಲ್ಲೂ ಇತ್ತು. ಅದನ್ನು ಬಿಟ್ಟೆ. ನಷ್ಟವೇ. ಕೋರ್ಟಿಗೆ ಓಡಾಡುವ ಪೆಟ್ರೋಲಿಗೆ ಹೋಲಿಸಿದರೆ ಅಷ್ಟೇನೂ ಅಲ್ಲ.

ಅವರು ಹಾಳೆಯನ್ನು ಬಹಳ ಹೊತ್ತು ನೋಡಿದರು. ಗಾಡಿಕೊಪ್ಪದ ಕಡೆ ಒಂದು ಸಣ್ಣ ಮನೆ ನೋಡಿಟ್ಟಿದ್ದಾರಂತೆ, ಅಡ್ವಾನ್ಸ್ ಕಡಿಮೆ, ಮಷೀನ್ ಮಾರಿದರೆ ಹೊಂದುತ್ತದೆ. ಆದರೆ ಜುಲೈ ಕೊನೆ ಅನ್ನುವುದಕ್ಕೆ ಒಪ್ಪಲಿಲ್ಲ. "ಆಷಾಢದಲ್ಲಿ ಹೆಂಗೆ ಸಾರ್ ಹಾಲು ಉಕ್ಕಿಸೋದು?" ಜುಲೈ 6ಕ್ಕೆ ಆಷಾಢ ಶುರು, ಆಗಸ್ಟ್ 4ಕ್ಕೆ ಭೀಮನ ಅಮಾವಾಸ್ಯೆ. ಅಷ್ಟರೊಳಗೆ ನಮ್ಮ ಕಡೆ ಯಾರು ಮನೆ ಬದಲಾಯಿಸುತ್ತಾರೆ? ಭಾವನ ಯಾವ ಕಾಯ್ದೆಯಲ್ಲೂ ಆಷಾಢ ಇಲ್ಲ. ಆಗಸ್ಟ್ 7ರ ಬುಧವಾರಕ್ಕೆ ಒಪ್ಪಿಕೊಂಡೆ. ಆ ಒಂದು ವಾರದ ಬಾಡಿಗೆ ಕೇಳಿದರೆ ಅಮ್ಮ ನನ್ನನ್ನು ಮನೆಯಿಂದ ಹೊರಗೆ ಹಾಕುತ್ತಿದ್ದಳು, ಅದೂ 15 ದಿನದ ನೋಟಿಸ್ ಇಲ್ಲದೆ.

ಇದನ್ನೆಲ್ಲ ಬರೆದು ಇಬ್ಬರೂ ಸಹಿ ಹಾಕಿದೆವು, ಸಾಕ್ಷಿಗೆ ಇಬ್ಬರು. ಲೋಕ ಅದಾಲತ್‌ನಲ್ಲಿ ಇಟ್ಟು ರಾಜಿ ಮಾಡಿಸಿದರೆ ಡಿಕ್ರಿಯಷ್ಟೇ ಬಲ ಬರುತ್ತದೆ, ಅದರ ಮೇಲೆ ಅಪೀಲೂ ಇಲ್ಲ, ಹಾಗೆ ಮಾಡಿಸು ಅಂತ ಭಾವ ಹೇಳಿದರು. ಅವರು ಹೇಳಿದ್ದು ಸರಿಯೇ. ನಾನು ಮಾಡಿಸಲಿಲ್ಲ. ಪೋಸ್ಟಿನ ವಿಷಯ ಇನ್ನೂ ಚುಚ್ಚುತ್ತಿತ್ತು.

ಜುಲೈ ಪೂರ್ತಿ ಮಳೆ. ಕೋರ್ಪಲಯ್ಯನ ಛತ್ರದ ಹತ್ತಿರ ಮಂಟಪ ಮುಳುಗಿತಾ ಅಂತ ನೋಡಲು ಜನ ತುಂಗೆಯ ಸೇತುವೆ ಮೇಲೆ ನಿಲ್ಲುವ ಕಾಲ. ನನಗೆ ಒಳಗೊಳಗೇ ಅನುಮಾನ, ಈ ಮಳೆ ನೆವದಲ್ಲಿ ಇನ್ನೊಂದು ತಿಂಗಳು ಎಳೆಯುತ್ತಾರೇನೋ ಅಂತ. ಎಳೆಯಲಿಲ್ಲ. 7ನೇ ತಾರೀಕು ಬೆಳಿಗ್ಗೆ ಲಗೇಜ್ ಆಟೊ ಬಂತು. ಮೂರು ಟ್ರಿಪ್. ಟಾರ್ಪಾಲು ನಮ್ಮ ಅಡಿಕೆ ಒಣಗಿಸುವುದನ್ನೇ ಕೊಟ್ಟೆ.

ಕೀಲಿ ತಗೊಳ್ಳುವ ಮೊದಲು ಮೀಟರ್ ರೀಡಿಂಗಿನ ಫೋಟೊ ತೆಗೆದುಕೊಂಡೆ. ಮೆಸ್ಕಾಂ ಬಿಲ್ಲು ಆರ್‌ಆರ್ ನಂಬರಿನ ಮೇಲೆ ಬರುತ್ತದೆ, ಆ ನಂಬರ್ ಇರುವುದು ನನ್ನ ಹೆಸರಲ್ಲಿ, ಅವರು ಉಳಿಸಿ ಹೋದರೆ ನನ್ನ ತಲೆಗೆ. ಜೊತೆಗೆ ಗೃಹಜ್ಯೋತಿ. ಅವರ ಆಧಾರ್ ನಮ್ಮ ಮೀಟರಿಗೆ ಜೋಡಿಸಿದೆ, ಅದನ್ನು ಬಿಡಿಸದೆ ಹೋದರೆ ಅವರಿಗೆ ಹೊಸ ಮನೆಯಲ್ಲಿ ಸಿಗುವುದಿಲ್ಲ, ಇಲ್ಲಿ ಬರುವವರಿಗೂ ತೊಂದರೆ. ಎಲ್ಲ ಆದ ಮೇಲೆ "ಸ್ವಾಧೀನ ಬಿಟ್ಟುಕೊಟ್ಟಿದ್ದೇನೆ, ಒಳಗೆ ನನ್ನ ಸಾಮಾನು ಏನೂ ಇಲ್ಲ" ಅಂತ ತಾರೀಕು ಹಾಕಿ ಒಂದು ಸಾಲು ಬರೆಸಿಕೊಂಡೆ. ಭಾವನ ಕಟ್ಟಪ್ಪಣೆ.

ಹುಡುಗಿ ಕಾಮರ್ಸ್ ತಗೊಂಡಿದ್ದಾಳೆ. ಹೋಗುವಾಗ ಅಮ್ಮನ ಹತ್ತಿರ ಒಂದು ಡಬ್ಬಿ ಮಿಡಿ ಉಪ್ಪಿನಕಾಯಿ ತಗೊಂಡು ಹೋದಳು.

7,000ದಲ್ಲಿ ಮೊದಲ 3,500 ಸೆಪ್ಟೆಂಬರ್‌ನಲ್ಲಿ ಬಂತು. ಎರಡನೆಯದು ಬರುವುದಿಲ್ಲ ಅಂತ ನಾನು ಬಿಟ್ಟೇಬಿಟ್ಟಿದ್ದೆ. ದೀಪಾವಳಿ ಕಳೆದು ಒಂದು ದಿನ ಫೋನ್ ಟಿಣ್ ಅಂತು. 3,500. ಕೆಳಗೆ ಬರೆದಿದ್ದರು: "ಜುಲೈ ತಿಂಗಳ ಬಾಡಿಗೆ, ಕೊನೇ ಕಂತು."

ಭಾವನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಓದಿ, "ಏ, ಬಾಡಿಗೆ ಅಂತ ಯಾಕೆ ಬರೆಸಿಕೊಂಡೆ?" ಅಂದರು.

"ಖಾಲಿ ಮಾಡಿ ಮೂರು ತಿಂಗಳಾಯ್ತು ಭಾವ."

"ಆದ್ರೂ" ಅಂದರು.